ಗಂಧವನ್ನು ಕೊಂಡವರು ಯಾರು?

1996ರ ಮಳೆಗಾಲ. ಆಗ ನಾನು ಹನೂರಿನಿಂದಾಚೆ, ಬೆಟ್ಟದ ಸೆರಗಿನ ಒಂದು ಊರಿನ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷ ತುಂಬಿರಲಿಲ್ಲ. ಮನೆ ಇದ್ದದ್ದು ಕೊಳ್ಳೇಗಾಲದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆ ಕತ್ತಲಾಗುವ ಮೊದಲೇ ಮನೆ ಸೇರಬೇಕು. ಕತ್ತಲಾದ ಮೇಲೆ ಆ ದಾರಿಯಲ್ಲಿ ಓಡಾಡಲು ಜನ ಹೆದರುತ್ತಿದ್ದರು. ಕಾರಣವನ್ನು ನಮ್ಮ ಕಡೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಒಂಬತ್ತನೆಯ ತರಗತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಪಾಠ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣ, ಗಂಧದೆಣ್ಣೆ ಕಾರ್ಖಾನೆ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಗಂಧ ಎಂಬ ಮಾತು ಬಂದದ್ದೇ ತಡ, ತರಗತಿಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನವನೊಬ್ಬ ತುಟಿಯ ಮೇಲೆ ಬೆರಳಾಡಿಸಿ ದೊಡ್ಡ ಮೀಸೆ ಬರೆದು ತೋರಿಸಿದ. ಎಲ್ಲರೂ ನಕ್ಕರು. ನಗದೆ ಕುಳಿತಿದ್ದ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಮಿಸ್, ಎಲ್ರೂವೆ ಮರ ಕುಯ್ದೋರ ಕತೆ ಹೇಳ್ತಾರೆ, ಹೊತ್ತೋರ ಕತೆ ಹೇಳ್ತಾರೆ. ಅಷ್ಟೊಂದು ಗಂಧವ ಕೊಂಡ್ಕಂಡೋರು ಯಾರು ಮಿಸ್?"

"ಅದು ಪಾಠದಲ್ಲಿಲ್ಲ, ಕೂತ್ಕೊ" ಎಂದೆ. ಅವನು ಕುಳಿತ. ನಾನು ಭದ್ರಾವತಿಯ ಕಡೆಗೆ ಹೊರಳಿದೆ.

ಆ ಹುಡುಗನ ಪ್ರಗತಿಪತ್ರದಲ್ಲಿ ತಂದೆಯ ಸಹಿ ಇರಬೇಕಾದ ಜಾಗದಲ್ಲಿ ಪ್ರತಿಸಲವೂ ತಾಯಿಯ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಅಪ್ಪ ಎಲ್ಲಿ ಎಂದು ಒಮ್ಮೆ ಕೇಳಿದ್ದೆ. "ಮೈಸೂರಲ್ಲವ್ರೆ" ಎಂದಿದ್ದ. ಮೈಸೂರಿನಲ್ಲಿ ಎಂದರೆ ಜೈಲಿನಲ್ಲಿ ಎಂದು ಹೇಳಿದವರು ನಮ್ಮ ಶಾಲೆಯ ಜವಾನರು. ಒಂದು ಕಾಲದಲ್ಲಿ ಗಂಧದ ತುಂಡುಗಳನ್ನು ತಲೆಯ ಮೇಲೆ ಹೊತ್ತು ಕಾಡು ದಾಟಿಸಿದ್ದ ಕೂಲಿಯಾಳು ಅವನ ಅಪ್ಪ. ಅಷ್ಟು ತಿಳಿದಿದ್ದೂ ನಾನು ಆ ಹುಡುಗನನ್ನು 'ಕೂತ್ಕೊ' ಎಂದು ಗದರಿದ್ದೆ.

ಅದೇ ವರ್ಷ ನಮ್ಮ ಮನೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ವರಮಹಾಲಕ್ಷ್ಮಿ ಹಬ್ಬದ ಮುಂಚೆ, ಮುಸ್ಸಂಜೆಯ ಹೊತ್ತಿನಲ್ಲಿ, ಹೆಗಲಿಗೆ ಚೀಲ ನೇತುಹಾಕಿಕೊಂಡ ಒಬ್ಬಾತ ಬಾಗಿಲಿಗೆ ಬಂದ. ಚೀಲದೊಳಗೆ ಗೋಣಿತಾಟಿನಲ್ಲಿ ಸುತ್ತಿದ ಗಂಧದ ಕೊರಡುಗಳು. ಅತ್ತೆಯವರು ಗೇಣುದ್ದದ್ದೊಂದನ್ನು ಆರಿಸಿ ಮೂಸಿ ನೋಡಿ ಕೊಂಡರು. "ನೋಡಮ್ಮ, ಅಂಗಡಿಯಲ್ಲಾದರೆ ಇದಕ್ಕೆ ಎರಡರಷ್ಟು ಕೊಡಬೇಕು" ಎಂದು ನನಗೆ ತೋರಿಸಿದರು. ನಾನೂ ಮೂಸಿ ನೋಡಿದೆ. ಎಲ್ಲಿಯದು ಎಂದು ಅತ್ತೆಯೂ ಕೇಳಲಿಲ್ಲ, ಇತಿಹಾಸ ಓದಿದ ಸೊಸೆಯೂ ಕೇಳಲಿಲ್ಲ. ಆ ಹುಡುಗನ ಪ್ರಶ್ನೆಗೂ ನಮ್ಮ ದೇವರ ಗೂಡಿಗೂ ಇದ್ದ ನಂಟು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನಾನು ಹೇಳದೆ ಬಿಟ್ಟ ಪಾಠವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಗಂಧದ ಮರ ವಿಚಿತ್ರ ಸ್ವಭಾವದ್ದು. ತನ್ನ ಬೇರಿನಿಂದಲೇ ಎಲ್ಲ ಆಹಾರವನ್ನೂ ಪಡೆಯಲಾರದು. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ಅವುಗಳಿಂದಲೂ ಹೀರಿ ಬೆಳೆಯುತ್ತದೆ. ಪರಿಮಳ ಇರುವುದು ಚೇಗಿನಲ್ಲಿ. ಆ ಚೇಗು ಬಲಿತು ಎಣ್ಣೆ ತುಂಬಬೇಕಾದರೆ ಹತ್ತಾರು ವರ್ಷ ಬೇಕು. ಅಜ್ಜ ನೆಟ್ಟರೆ ಮೊಮ್ಮಗನಿಗೆ ಎನ್ನುವಂಥ ಮರ. ಮೈಸೂರು ಸೀಮೆಯ ಒಣಗುಡ್ಡಗಳೂ ಅದರಾಚೆಯ ತಮಿಳು ಸೀಮೆಯ ಕಾಡುಗಳೂ ಅದಕ್ಕೆ ಒಗ್ಗಿದ ನೆಲ.

ಇಷ್ಟು ಬೆಲೆಬಾಳುವ ಮರದ ಮೇಲೆ ಅರಸರ ಕಣ್ಣು ಬೀಳದಿರುತ್ತದೆಯೇ? 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದ. ಅವನ ನಂತರ ಬಂದ ಒಡೆಯರೂ ಬ್ರಿಟಿಷರೂ ಆ ಹಕ್ಕನ್ನು ಬಿಡಲಿಲ್ಲ. ಮೊದಲನೆಯ ಮಹಾಯುದ್ಧ ಆರಂಭವಾಗಿ ಗಂಧವನ್ನು ಯುರೋಪಿಗೆ ಕಳುಹಿಸುವ ದಾರಿ ಕಟ್ಟಿಹೋದಾಗ, ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಆರಂಭಿಸಿದರು. ಸಾಬೂನು ಬಂದದ್ದು ಅದರ ಹಿಂದೆಯೇ. ದೂರದ ಒಂದು ಯುದ್ಧದಿಂದ ನಮ್ಮ ಬಚ್ಚಲುಮನೆಗೆ ಪರಿಮಳ ಬಂದಿತು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದೇ ಪರಿಮಳ ಮುಂದೆ ನಮ್ಮ ಕಾಡಿಗೆ ಬಂದೂಕನ್ನು ತಂದಿತು ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದರೂ ಗಂಧದ ಕಾನೂನು ಸಡಿಲವಾಗಲಿಲ್ಲ. ರೈತನ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ. ಅದನ್ನು ಯಾರಾದರೂ ಕಡಿದರೆ ವಿಚಾರಣೆ ಮಾತ್ರ ಹೊಲದವನಿಗೆ. ಹಾಗಾಗಿ ನಮ್ಮ ತಂದೆಯ ಊರಿನಲ್ಲಿ ಬದುವಿನ ಮೇಲೆ ಗಂಧದ ಸಸಿ ಕಂಡರೆ ಕಿತ್ತು ಎಸೆಯುತ್ತಿದ್ದರು, ಮನೆಗೆ ಪೊಲೀಸು ಯಾಕೆ ಬರಬೇಕು ಎಂದು. ಯಾರಿಗೂ ತನ್ನದಲ್ಲದ ಮರವನ್ನು ಕಾಯುವ ಮನಸ್ಸು ಯಾರಿಗಿರುತ್ತದೆ? ಬೆಲೆ ಏರುತ್ತಲೇ ಹೋಯಿತು, ಕಾಡಿನ ಸುತ್ತಲಿನ ಊರುಗಳಲ್ಲಿ ಕೂಲಿ ಮಾತ್ರ ಏರಲಿಲ್ಲ. ಕಳ್ಳವ್ಯಾಪಾರಕ್ಕೆ ಇದಕ್ಕಿಂತ ಹದವಾದ ನೆಲ ಬೇರೆ ಬೇಕಿಲ್ಲ.

ಆ ನೆಲದಲ್ಲಿ ಬೆಳೆದವನು ಗೋಪಿನಾಥಂನಲ್ಲಿ 1952ರಲ್ಲಿ ಹುಟ್ಟಿದ ವೀರಪ್ಪನ್. ಅವನ ಕಸುಬು ಶುರುವಾದದ್ದು ಆನೆಯ ದಂತದಿಂದ. 1986ರಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ. ಏಷ್ಯಾದ ಆನೆಗಳಲ್ಲಿ ಕೋರೆ ಇರುವುದು ಗಂಡಿಗೆ ಮಾತ್ರ. ಕೋರೆಯ ಆನೆಗಳು ಕಡಿಮೆಯಾಗುತ್ತ ಬಂದವು, ದಂತದ ವ್ಯಾಪಾರವೂ ಕಾನೂನಿನಿಂದ ಬಿಗಿಯಾಯಿತು. ಅವನು ಗಂಧದ ಕಡೆಗೆ ತಿರುಗಿದ. ದಂತ ನಾಲ್ಕಾರು ಜನರ ಕೆಲಸ. ಗಂಧ ಹಾಗಲ್ಲ. ಮರ ಗುರುತಿಸಲು ಒಬ್ಬ, ಕಡಿಯಲು ಹತ್ತು ಜನ, ಹೊರಲು ನೂರು ಜನ, ದಾರಿ ಕಾಯಲು, ಅಕ್ಕಿ ಒದಗಿಸಲು, ಲಾರಿ ತರಲು ಮತ್ತಷ್ಟು ಜನ. ಹೊಲದ ಕೂಲಿಗಿಂತ ಹೆಚ್ಚು ಕೊಡುತ್ತಾನೆಂದರೆ ಬರಗಾಲದ ವರ್ಷದಲ್ಲಿ ಬೇಡ ಎನ್ನುವವರು ಯಾರು? ಬೇಡ ಎಂದರೆ ಹೆದರಿಕೆಯೂ ಇತ್ತು. ಆ ಹುಡುಗನ ಅಪ್ಪ ಆಸೆಯಿಂದ ಹೋದನೋ ಅಂಜಿಕೆಯಿಂದ ಹೋದನೋ ನಾನು ಇಂದಿಗೂ ಕೇಳಿಲ್ಲ.

ಕಾಡಿನಂಚಿಗೆ ಬಂದ ಮರ ಲಾರಿ ಹತ್ತಿದ ಮೇಲೆ ಕಥೆಯಿಂದ ಮಾಯವಾಗುತ್ತದೆ. ಆ ದಿನಗಳಲ್ಲಿ ಕೇರಳದಲ್ಲಿ ಖಾಸಗಿಯವರ ಗಂಧದೆಣ್ಣೆ ಕಾರ್ಖಾನೆಗಳಿದ್ದವು. ಕದ್ದ ಗಂಧ ಅಲ್ಲಿಗೆ ಹೋಗುತ್ತದೆಂಬ ದೂರು ವರ್ಷಗಟ್ಟಲೆ ಇತ್ತು. ಕೊರಡನ್ನು ಚಕ್ಕೆ ಮಾಡಿ, ಚಕ್ಕೆಯನ್ನು ಬೇಯಿಸಿ ಎಣ್ಣೆ ಇಳಿಸಿದ ಮೇಲೆ ಅದು ಯಾವ ಕಾಡಿನದು ಎಂದು ಹೇಳುವವರಿಲ್ಲ. ಎಣ್ಣೆ ಸೀಸೆಗಿಳಿದು ಅತ್ತರಾಗುತ್ತದೆ, ಊದುಬತ್ತಿಯಾಗುತ್ತದೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಮಾತ್ರ ಕಾಡಿಗೆ ಹಿಂದಿರುಗುತ್ತದೆ, ಬಂದೂಕು, ಮದ್ದುಗುಂಡುಗಳ ರೂಪದಲ್ಲಿ.

ಆ ಮದ್ದುಗುಂಡು ಏನು ಮಾಡಿತು ಎನ್ನುವುದು ನಮ್ಮ ಕಣ್ಣ ಮುಂದಿನ ಇತಿಹಾಸ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಬಂದೂಕಿಗಿಂತ ಜನರ ವಿಶ್ವಾಸ ದೊಡ್ಡದೆಂದು ನಂಬಿದ್ದವರು. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಲು ನಿಂತರು, ಊರಿನವರ ಕಾಯಿಲೆ ಕಸಾಲೆಗೆ ಔಷಧದ ಏರ್ಪಾಡು ಮಾಡಿದರು, ಕೆಲವರನ್ನು ಶರಣಾಗುವಂತೆ ಒಲಿಸಿದರು. ತಾನೂ ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ತಮ್ಮ ಜೊತೆಯವರೊಂದಿಗೆ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಅವರಲ್ಲಿ ಪೊಲೀಸರಷ್ಟೇ ಅಲ್ಲ, ಅರಣ್ಯ ಕಾವಲುಗಾರರೂ ದಾರಿ ತೋರಿಸಲು ಹೋದ ಹಳ್ಳಿಯವರೂ ಇದ್ದರು.

ಆ ಮೇಲೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಬೆಟ್ಟದಲ್ಲಿ ಬೀಡುಬಿಟ್ಟವು. ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ ಕಾಯ್ದೆಯ ಮೊಕದ್ದಮೆ ಬಿತ್ತು. ಸೋಲಿಗರ ಪೋಡುಗಳು, ಬೆಟ್ಟದಂಚಿನ ತಮಿಳು, ಕನ್ನಡ ಹಳ್ಳಿಗಳು ಎರಡೂ ಕಡೆಯ ಬಂದೂಕಿನ ನಡುವೆ ಸಿಕ್ಕಿಕೊಂಡವು. ಇವನಿಗೆ ಅನ್ನ ಕೊಟ್ಟರೆ ಅವರು ಬಿಡರು, ಅವರಿಗೆ ಸುಳಿವು ಕೊಟ್ಟರೆ ಇವನು ಬಿಡ. ಜನರ ಮೇಲೆ ನಡೆದ ದೌರ್ಜನ್ಯಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಅದರ ವರದಿಯ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಕಾರ್ಯಪಡೆಯವರು ಪ್ರಾಣ ಕೊಟ್ಟದ್ದೂ ನಿಜ, ಇದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಇತಿಹಾಸವಲ್ಲ.

ಕಾವಲು ಬಿಗಿಯಾಗಿ ಗಂಧದ ದುಡ್ಡು ಬತ್ತುತ್ತ ಬಂದಂತೆ ಅವನು ಮನುಷ್ಯರನ್ನೇ ಒತ್ತೆಯಿಡಲಾರಂಭಿಸಿದ. 1997ರಲ್ಲಿ ಅರಣ್ಯ ಇಲಾಖೆಯ ನೌಕರರನ್ನು ಒಯ್ದ. ಅದೇ ಅಕ್ಟೋಬರಿನಲ್ಲಿ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ, ಸೇನಾನಿ ಇಬ್ಬರನ್ನೂ ಒಯ್ದು 14 ದಿನ ಇಟ್ಟುಕೊಂಡ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಒಯ್ದದ್ದಂತೂ ಕನ್ನಡಿಗರು ಮರೆಯುವ ಮಾತಲ್ಲ. 1973ರ 'ಗಂಧದ ಗುಡಿ' ಚಿತ್ರದಲ್ಲಿ ಕಾಡು ಕಾಯುವ ಅರಣ್ಯಾಧಿಕಾರಿಯಾಗಿ ಅವರನ್ನು ಕಂಡು ಬೆಳೆದ ಪೀಳಿಗೆ ನಮ್ಮದು. 108 ದಿನ ಊರೂರಲ್ಲಿ ಹರಕೆ, ಪೂಜೆ. ನಮ್ಮ ಶಾಲೆಗಳೂ ಎಷ್ಟೋ ದಿನ ಮುಚ್ಚಿದ್ದವು.

ಬಿಡುಗಡೆಗೆ ಅವನಿಟ್ಟ ಬೇಡಿಕೆಗಳಲ್ಲಿ ಟಾಡಾ ಕೈದಿಗಳನ್ನು ಬಿಡಬೇಕೆನ್ನುವುದೂ ಒಂದು. ಸರ್ಕಾರ ಒಪ್ಪಲು ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದವರು ಅಬ್ದುಲ್ ಕರೀಂ, ಮೀಣ್ಯಂ ಬಳಿ ಸತ್ತ ಶಕೀಲ್ ಅಹ್ಮದ್ ಅವರ ತಂದೆ. ಮಗನನ್ನು ಕಳೆದುಕೊಂಡ ಅಪ್ಪ ಒಂದು ಕಡೆ. ಜೈಲಿನಲ್ಲಿರುವ ಅಪ್ಪನ ದಾರಿ ಕಾಯುತ್ತಿರುವ ನನ್ನ ಶಿಷ್ಯ ಇನ್ನೊಂದು ಕಡೆ. ಪತ್ರಿಕೆ ಕೈಯಲ್ಲಿ ಹಿಡಿದು ನಾನು ಯಾರ ಪರ ನಿಲ್ಲಲಿ? ಅಬ್ದುಲ್ ಕರೀಂ ಕೇಳಿದ್ದು ನ್ಯಾಯವನ್ನೇ. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನರ ಮೇಲಿನ ಆರೋಪ ನಿಲ್ಲಲಿಲ್ಲ. ಬಿಡುಗಡೆಯಾದವರಲ್ಲಿ ಆ ಹುಡುಗನ ಅಪ್ಪನೂ ಇದ್ದ. ಎಂಟು ವರ್ಷ ಕಳೆದಿತ್ತು. ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ, ಓದು ನಿಲ್ಲಿಸಿ, ಗಾರೆ ಕೆಲಸಕ್ಕೆ ಬೆಂಗಳೂರು ಸೇರಿಯಾಗಿತ್ತು.

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿಯ ಪಾಪಾರಪಟ್ಟಿ ಬಳಿ ವೀರಪ್ಪನ್ ಗುಂಡೇಟಿಗೆ ಸತ್ತ. ಅವನ ಮೇಲೆ ನೂರಕ್ಕೂ ಹೆಚ್ಚು ಕೊಲೆಗಳ ಆರೋಪವಿತ್ತು. ಮರುದಿನದ ಪತ್ರಿಕೆಗಳ ತುಂಬ ಅವನ ಮೀಸೆಯದೇ ಸುದ್ದಿ. ಕೊಂದವನು, ಸತ್ತವರು, ಹಿಡಿಯಲು ಹೋದವರು, ಸಂಧಾನಕ್ಕೆ ಹೋದವರು, ಎಲ್ಲರ ಹೆಸರೂ ನಮ್ಮ ನಾಲಗೆಯ ಮೇಲಿವೆ. ಗಂಧ ಕೊಂಡವರದೆಂದು ಒಂದೇ ಒಂದು ಹೆಸರು ಹೇಳಿ ಎಂದರೆ ನಮ್ಮ ಸೀಮೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ.

ಇದು ನಮ್ಮೊಬ್ಬರ ಮರೆವೇ ಎಂದು ನಾನು ಯೋಚಿಸುವಂತಾದದ್ದು 2007ರಲ್ಲಿ. ಆ ವರ್ಷ ನಮ್ಮ ಸಿ.ಆರ್.ಪಿ.ಎಫ್.ನ ಮಹಿಳೆಯರ ಒಂದು ತುಕಡಿ ವಿಶ್ವಸಂಸ್ಥೆಯ ಪರವಾಗಿ ಶಾಂತಿ ಕಾಯಲು ಆಫ್ರಿಕದ ಲೈಬೀರಿಯಕ್ಕೆ ಹೋಯಿತು. ಮಹಿಳೆಯರೇ ತುಂಬಿದ ಅಂಥ ತುಕಡಿ ಜಗತ್ತಿನಲ್ಲೇ ಮೊದಲನೆಯದು. ತರಗತಿಯ ಹೆಣ್ಣುಮಕ್ಕಳು ಚಿತ್ರ ಕತ್ತರಿಸಿ ತಂದು, "ಮಿಸ್, ಅಲ್ಲಿ ಯುದ್ಧ ಯಾಕಾಯ್ತು?" ಎಂದರು. ಈ ಸಲ ಕೂತ್ಕೊ ಎನ್ನಲಿಲ್ಲ. ಹುಡುಕಿ ಓದಿದೆ. ಓದುತ್ತ ಹೋದರೆ ಅಲ್ಲಿಯೂ ಮರ!

ಲೈಬೀರಿಯದಲ್ಲಿ 1989ರ ಕೊನೆಯಲ್ಲಿ ದಂಗೆ ಹೂಡಿದ ಚಾರ್ಲ್ಸ್ ಟೇಲರ್ 1997ರಲ್ಲಿ ಅಧ್ಯಕ್ಷನೇ ಆದ. ಜನಾಂಗ ಜನಾಂಗಗಳ ದ್ವೇಷ, ಹಳೆಯ ದಬ್ಬಾಳಿಕೆ ಮುಂತಾಗಿ ಆ ಯುದ್ಧಕ್ಕೆ ಕಾರಣಗಳು ಹಲವು. ಆದರೆ ಅದು ವರ್ಷಗಟ್ಟಲೆ ಉರಿಯಲು ಬೇಕಾದ ಎಣ್ಣೆ ಬಂದದ್ದು ಮಳೆಕಾಡಿನ ಮರಗಳಿಂದ, ನೆರೆಯ ಸಿಯೆರಾ ಲಿಯೋನಿನ ವಜ್ರಗಳಿಂದ. ಬುಕಾನನ್ ಬಂದರಿನಿಂದ ದಿಮ್ಮಿಗಳು ಹಡಗು ಹತ್ತುತ್ತಿದ್ದವು, ಆಯುಧಗಳು ಇಳಿಯುತ್ತಿದ್ದವು. ಕೊನೆಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2003ರ ಮೇ ತಿಂಗಳಲ್ಲಿ ಒಂದು ನಿರ್ಣಯ ಮಾಡಿತು: ಲೈಬೀರಿಯದ ಮರವನ್ನು ಯಾವ ದೇಶವೂ ಕೊಳ್ಳಕೂಡದು. ಜುಲೈನಲ್ಲಿ ನಿಷೇಧ ಜಾರಿಗೆ ಬಂದಿತು. ಆಗಸ್ಟಿನಲ್ಲಿ ಟೇಲರ್ ಪದವಿ ಬಿಟ್ಟು ದೇಶ ತೊರೆದ. ರಾಜಧಾನಿಯ ಬಾಗಿಲಿಗೆ ದಂಗೆಕೋರರು ಬಂದಿದ್ದರು, ಹೊರದೇಶಗಳ ಒತ್ತಾಯವಿತ್ತು. ಮರದ ನಿಷೇಧವೊಂದೇ ಅವನನ್ನು ಇಳಿಸಿತೆಂದು ಹೇಳಲಾಗದು. ಆದರೂ ಕಡಿಯುವವನನ್ನು ಬಿಟ್ಟು ಕೊಳ್ಳುವವನ ಕೈ ಹಿಡಿದದ್ದನ್ನು ಗಮನಿಸಬೇಕು. 2012ರಲ್ಲಿ ಟೇಲರ್‌ಗೆ ಸಿಯೆರಾ ಲಿಯೋನಿನ ಅಪರಾಧಗಳಿಗಾಗಿ 50 ವರ್ಷಗಳ ಶಿಕ್ಷೆಯಾಯಿತು. ಅವನ ಜೊತೆ ಮರದ ವ್ಯಾಪಾರ ಮಾಡಿ, ತನ್ನ ಕಂಪನಿಯ ಹಡಗಿನಲ್ಲಿ ಆಯುಧ ತರಿಸಿಕೊಟ್ಟ ಡಚ್ ವರ್ತಕ ಗುಸ್ ಕೌವೆನ್‌ಹೋವೆನ್‌ಗೆ 2017ರಲ್ಲಿ ನೆದರ್‌ಲ್ಯಾಂಡ್ಸಿನ ನ್ಯಾಯಾಲಯ 19 ವರ್ಷಗಳ ಶಿಕ್ಷೆ ವಿಧಿಸಿತು. ಆ ತೀರ್ಪಿನ ಸುದ್ದಿಯನ್ನು ನಾನು ಎರಡೆರಡು ಸಲ ಓದಿದೆ.

ಕಾಂಬೋಡಿಯದ ಕಥೆ ಇನ್ನಷ್ಟು ಕಲಿಸುತ್ತದೆ. ಪಕ್ಕದ ಥಾಯ್ಲೆಂಡಿನಲ್ಲಿ 1988ರ ಕೊನೆಯಲ್ಲಿ ಭಾರಿ ಪ್ರವಾಹ ಬಂದು ನೂರಾರು ಜನ ಸತ್ತರು. ಬೋಳಾದ ಬೆಟ್ಟಗಳೇ ಕಾರಣವೆಂದು 1989ರಲ್ಲಿ ಅಲ್ಲಿ ಮರ ಕಡಿಯುವುದನ್ನು ನಿಷೇಧಿಸಿದರು. ಒಳ್ಳೆಯ ಕೆಲಸವೇ. ಆದರೆ ಮರದ ಮಿಲ್ಲುಗಳ ಹಸಿವು ನಿಲ್ಲಲಿಲ್ಲ, ಗಡಿ ದಾಟಿತು. ಗಡಿಯಾಚೆ ಕಾಡು ಇದ್ದದ್ದು ಪೋಲ್ ಪೋಟ್‌ನ ಖಮೇರ್ ರೂಜ್ ಪಡೆಯ ಕೈಯಲ್ಲಿ. ತನ್ನದೇ ದೇಶದ ಲಕ್ಷಾಂತರ ಜನರ ಸಾವಿಗೆ ಕಾರಣವಾದ ಆ ಪಡೆಗೆ ಚೀನಾದ ನೆರವು ನಿಂತುಹೋಗಿದ್ದ ಕಾಲ ಅದು. ಪೈಲಿನ್‌ನ ಕೆಂಪು, ನೀಲಿ ರತ್ನಗಳನ್ನೂ ಕಾಡಿನ ದಿಮ್ಮಿಗಳನ್ನೂ ಮಾರಿ ಅದು ಜೀವ ಹಿಡಿದುಕೊಂಡಿತು. 1992ರ ಕೊನೆಯಿಂದ ದಿಮ್ಮಿ ಸಾಗಣೆಗೆ ನಿಷೇಧ ಬಂದರೂ ಲಾರಿಗಳು ಗಡಿ ದಾಟುತ್ತಲೇ ಇದ್ದವು. 1995ರಲ್ಲಿ ಗ್ಲೋಬಲ್ ವಿಟ್‌ನೆಸ್ ಎಂಬ ಪುಟ್ಟ ಸಂಸ್ಥೆಯವರು ಆ ವ್ಯಾಪಾರವನ್ನು ಬಯಲಿಗೆಳೆದರು, ಗಡಿ ಬಿಗಿಯಾಯಿತು. 1996ರ ಆಗಸ್ಟಿನಲ್ಲಿ ಪೈಲಿನ್‌ನ ಪಡೆಗಳೇ ಸರ್ಕಾರದ ಕಡೆ ವಾಲಿದವು. ಅದು ಹಿಂದಿನ ಬೆಂಚಿನ ಹುಡುಗ ನನ್ನನ್ನು ಪ್ರಶ್ನೆ ಕೇಳಿದ ಅದೇ ಮಳೆಗಾಲ.

ಲಕ್ಷಗಟ್ಟಲೆ ಜನ ಸತ್ತ ಆ ಯುದ್ಧಗಳನ್ನು ನಮ್ಮ ಬೆಟ್ಟದ ರಗಳೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ವೀರಪ್ಪನ್‌ಗೆ ರಾಜ್ಯ ಕಟ್ಟುವ ಆಸೆಯಿರಲಿಲ್ಲ. ಕೊನೆಗಾಲದಲ್ಲಿ ಆಡಿದ ತಮಿಳು, ಕಾವೇರಿ ಎಂಬ ಮಾತುಗಳು ತಡವಾಗಿ ಹೊದ್ದ ಹೊದಿಕೆ. ಆದರೆ ಮೂರೂ ಕಡೆ ಯಂತ್ರ ಒಂದೇ. ಹೊರುವವನಿಗೆ ಕೂಲಿ, ನಡುವಿನವನಿಗೆ ಬಂದೂಕು, ದೂರದವನಿಗೆ ಲಾಭ. ಕೊಳ್ಳುವ ಕೈ ಇರುವ ತನಕ ಒಬ್ಬ ಸತ್ತರೆ ಇನ್ನೊಬ್ಬ ಹುಟ್ಟುತ್ತಾನೆ.

ನಮ್ಮಲ್ಲಿ 2001ರಲ್ಲಿ ಕಾನೂನು ಬದಲಾಯಿತು. ಹೊಲದವನ ಗಂಧದ ಮರ ಹೊಲದವನದೇ ಎಂದಾಯಿತು. ಅರ್ಧ ಶತಮಾನ ಮುಂಚೆ ಆಗಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ! ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಗೋಪಿನಾಥಂಗೆ ಈಗ ಪ್ರವಾಸಿಗಳು ಬರುತ್ತಾರೆ.

ಆ ಹುಡುಗನೀಗ ನಲವತ್ತು ದಾಟಿದ ಗೃಹಸ್ಥ. ಬೆಂಗಳೂರು ಬಿಟ್ಟು ಬಂದು, ಅಪ್ಪ ಉಳಿಸಿದ ಎರಡು ಎಕರೆಯಲ್ಲಿ ತೊಗರಿಯ ಸಾಲಿನ ನಡುವೆ ಗಂಧದ ಸಸಿ ನೆಟ್ಟ. ಸಸಿಗಳೀಗ ಮರವಾಗಿವೆ. ಹೋದ ಯುಗಾದಿಯಲ್ಲಿ ಬೇವು ಬೆಲ್ಲದ ಜೊತೆ ಮನೆಗೆ ಬಂದಿದ್ದ. ನಾನು ಹಳೆಯ ಕೊರಡನ್ನು ತೆಗೆದು ತೋರಿಸಿ, ಅದು ಬಂದ ಬಗೆಯನ್ನು ಹೇಳಿ, "ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತಪ್ಪ. ಕೊಂಡವರಲ್ಲಿ ನಾವೂ ಇದ್ದೆವು" ಎಂದೆ. ಅವನು ಕೊರಡನ್ನು ತಿರುಗಿಸಿ ನೋಡಿ ಮತ್ತೆ ಕೈಗೆ ಕೊಟ್ಟ. ಏನೂ ಅನ್ನಲಿಲ್ಲ.

ಹೊರಡುವಾಗ ಮೆಟ್ಟಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ: "ಮೊನ್ನೆ ಕಾರಲ್ಲಿ ಇಬ್ರು ಬಂದಿದ್ರು ಮಿಸ್. ಮರವ ಸರ್ಕಾರಕ್ಕೆ ಯಾಕೆ ಕೊಟ್ಟೀಯೆ, ನಮಗೇ ಕೊಡು, ದುಡ್ಡು ಜಾಸ್ತಿ ಕೊಡ್ತೀವಿ ಅಂದ್ರು."

"ನೀನೇನಂದೆ?"

"ನಿಮ್ಮ ಹೆಸರೇನು, ಯಾವೂರು, ಒಂದು ಚೀಟೀಲಿ ಬರ್ದುಕೊಡಿ ಅಂದೆ. ಎದ್ದು ಹೋದ್ರು."